ಜುನ್ನರಿನ ತೋಟಕ್ಕೆ ಹೊರಟ ಸ್ಟಾರ್ಟರ್: ಡೆಮೊ ಹಿಂದಿನ ರಾತ್ರಿಯ ಒಂದು ದುರಸ್ತಿ

ಮೊಬೈಲಿನಿಂದ ಬಾವಿಯ ಮೋಟರು ಚಾಲೂ ಮಾಡುವ ಪೆಟ್ಟಿಗೆ ಹೊಸ ಸಂಗತಿಯೇನಲ್ಲ. ನಮ್ಮ ವಿಜಯಪುರ, ಬೆಳಗಾವಿ ಕಡೆಯ ಹೊಲಗಳಲ್ಲೂ, ಸಾಂಗ್ಲಿ, ಸೋಲಾಪುರದ ಕಡೆಗೂ ಅವು ವರ್ಷಗಳಿಂದ ಇವೆ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡಿನ ಒಂದು ಮೂಲೆ ಬಾಡಿಗೆಗೆ ಹಿಡಿದ ಮೂವರು ಎಳೆಯರು ಅದನ್ನೇ ಇನ್ನಷ್ಟು ಅಗ್ಗವಾಗಿ, ಇನ್ನಷ್ಟು ನಂಬಿಕೆಗೆ ಅರ್ಹವಾಗಿ ಮಾಡಲು ಹೊರಟಿದ್ದರು. ಒಬ್ಬ ಅಥಣಿಯವ, ಇನ್ನೊಬ್ಬ ಬಾದಾಮಿಯವ, ಪ್ರೋಗ್ರಾಂ ಬರೆಯುವವಳು ಕಲಬುರಗಿಯ ಹುಡುಗಿ. ಪುಣೆಯ ಕನ್ನಡ ಬಳಗದ ಪರಿಚಯದಿಂದ ನನಗೆ ಗೊತ್ತಾದವರು. ಎಲೆಕ್ಟ್ರಾನಿಕ್ಸ್ ರಿಪೇರಿಯಲ್ಲೇ ಬದುಕು ಕಳೆದವನು ಎಂಬ ಕಾರಣಕ್ಕೆ ಆಗಾಗ ನನ್ನನ್ನು ಕರೆಯುತ್ತಿದ್ದರು.

ಅವರ ಗಿರಾಕಿ ಜುನ್ನರ್ ತಾಲ್ಲೂಕಿನ ಒಂದು ರೈತರ ಗುಂಪು. ಪುಣೆ–ನಾಶಿಕ್ ಹೆದ್ದಾರಿಯಲ್ಲಿ ಚಾಕಣ, ಮಂಚರ್ ದಾಟಿ ನಾರಾಯಣಗಾಂವದಲ್ಲಿ ಎಡಕ್ಕೆ ತಿರುಗಿದರೆ ಶಿವನೇರಿ ಕೋಟೆಯ ತಪ್ಪಲಿನ ಆ ಸೀಮೆ ಸಿಗುತ್ತದೆ. ಕುಕಡಿ ಯೋಜನೆಯ ನೀರು ಬಂದಮೇಲೆ ಕಬ್ಬು, ದ್ರಾಕ್ಷಿ, ಟೊಮೆಟೊ ತುಂಬಿಕೊಂಡ ನೆಲ. ಕಬ್ಬಿನ ಹಿಂದೆಯೇ ಚಿರತೆಯೂ ಬಂತು. ಆಳೆತ್ತರದ ಕಬ್ಬಿನಲ್ಲಿ ಮರಿ ಹಾಕಿ, ಅಲ್ಲೇ ಬೆಳೆಸುವ ಚಿರತೆಗಳು ಈಗ ಜುನ್ನರಿನ ದಿನನಿತ್ಯದ ಮಾತು. ಮಾಣಿಕಡೋಹದಲ್ಲಿ ಅವುಗಳಿಗೆಂದೇ ಒಂದು ರಕ್ಷಣಾ ಕೇಂದ್ರವಿದೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಸಿಗುವುದು ದಿನದ ಕೆಲವೇ ಗಂಟೆ, ಅದೂ ಪಾಳಿಯ ಮೇಲೆ. ರಾತ್ರಿ ಪಾಳಿ ಬಂತೆಂದರೆ ರೈತ ಟಾರ್ಚು ಹಿಡಿದು ಕಬ್ಬಿನ ನಡುವಿನ ಕಾಲುದಾರಿಯಲ್ಲಿ ಬಾವಿಗೆ ನಡೆಯಬೇಕು. ಮನೆಯಲ್ಲೇ ಕೂತು ಮೋಟರು ಹಾಕುವ ಅನುಕೂಲಕ್ಕೆ ಅಲ್ಲಿ ಇರುವ ಬೆಲೆ ನಮ್ಮ ಕಡೆಯ ಬಯಲು ಹೊಲದಲ್ಲಿ ಇರುವ ಬೆಲೆಯಲ್ಲ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯಬೇಕೆನಿಸಿತು.

ಪೆಟ್ಟಿಗೆಯ ಕೆಲಸ ಸರಳ. ರೈತ ಅದರೊಳಗಿನ ಸಿಮ್ಮಿಗೆ ಮಿಸ್ಡ್ ಕಾಲ್ ಕೊಡುತ್ತಾನೆ. ಪೆಟ್ಟಿಗೆ ಮೂರೂ ಫೇಸ್ ಇವೆಯೇ ನೋಡುತ್ತದೆ, ಇದ್ದರೆ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಸ್ಟಾರ್ಟರನ್ನು ಎಳೆಯುತ್ತದೆ, ‘ಮೋಟರು ಚಾಲೂ ಆಗಿದೆ’ ಎಂದು ಮರಳಿ ಎಸ್ಸೆಮ್ಮೆಸ್ ಕಳಿಸುತ್ತದೆ. ಒಳಗೆ ಮಾತಾಡುವ ಅಂಗ ಸಿಮ್800ಎಲ್ ಎಂಬ ಅಗ್ಗದ ಜಿಎಸ್‌ಎಂ ಮಾಡ್ಯೂಲು. ಜಿಎಸ್‌ಎಂ ಎಂದರೆ 2ಜಿ ಮೊಬೈಲಿನ ತಂತ್ರ, ಮಾಡ್ಯೂಲು ಎಂದರೆ ಸಿದ್ಧವಾಗಿ ಸಿಗುವ ಪುಟ್ಟ ಸರ್ಕ್ಯೂಟು. ಇದು 2ಜಿಯಲ್ಲಿ ಮಾತ್ರ ಮಾತಾಡುತ್ತದೆ. ಹಾಗಾಗಿ ಜಿಯೋ ಸಿಮ್ ಅದಕ್ಕೆ ಆಗಿಬರುವುದಿಲ್ಲ, ಜಿಯೋಗೆ 2ಜಿ ಜಾಲವೇ ಇಲ್ಲ. ಇದನ್ನು ಆ ಹುಡುಗರು ಮೊದಲೇ ತಿಳಿದು ಬೇರೆ ಸಿಮ್ ಹಾಕಿದ್ದರು.

ಡೆಮೊ ಇದ್ದದ್ದು ಮಾರನೆಯ ಬೆಳಿಗ್ಗೆ, ಗುಂಪಿನ ಸದಸ್ಯರೊಬ್ಬರ ದ್ರಾಕ್ಷಿ ತೋಟದಲ್ಲಿ. ಹಿಂದಿನ ದಿನ ಅಥಣಿಯವನೂ ಬಾದಾಮಿಯವನೂ ಅಲ್ಲಿಗೆ ಹೋಗಿ ಪೆಟ್ಟಿಗೆ ಕೂರಿಸಿ ನೋಡಿ ಬಂದಿದ್ದರು. ಸಂಜೆ ಫೋನು ಬಂತು.

“ಸರ, ಇಲ್ಲೆ ಶೆಡ್ಡಿನಾಗ ಛಲೋ ನಡೀತೈತ್ರಿ. ಅಲ್ಲೆ ಹೊಲದಾಗ ರಿಂಗ್ ಆದ ಕೂಡ್ಲೇ ಸಾಯ್ತೈತ್ರಿ.”

ನಾನು ಹೋಗುವಷ್ಟರಲ್ಲಿ ಮೂವರ ನಡುವೆ ಮೂರು ನಿದಾನಗಳು ತಯಾರಿದ್ದವು. ಪ್ರೋಗ್ರಾಮಿನ ತಪ್ಪು ಎಂದು ಒಬ್ಬ, ಸಿಮ್ ಸರಿಯಿಲ್ಲ ಎಂದು ಇನ್ನೊಬ್ಬ, ಮಾಡ್ಯೂಲೇ ಡೂಪ್ಲಿಕೇಟ್ ಎಂದು ಮತ್ತೊಬ್ಬಳು. ಮಲ್ಟಿಮೀಟರಿನಲ್ಲಿ ಮಾಡ್ಯೂಲಿನ ಪವರ್ ಕಾಲಿಗೆ, ಅಂದರೆ ಪಿನ್ನಿಗೆ, 4.0 ವೋಲ್ಟ್ ಗಟ್ಟಿಯಾಗಿ ನಿಂತಿತ್ತು. ಆದ್ದರಿಂದ ಪವರ್ ಸರಿಯಿದೆ ಎಂದು ಮೂವರೂ ಒಪ್ಪಿಬಿಟ್ಟಿದ್ದರು. ನನಗೆ ಸಂಶಯ ಹುಟ್ಟಿದ್ದು ಅಥಣಿಯವ ಹೇಳಿದ ಒಂದು ಚಿಕ್ಕ ಸಂಗತಿಯಿಂದ. ಹೊಲದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಪೆಟ್ಟಿಗೆ ಒಮ್ಮೊಮ್ಮೆ ಉಳಿಯುತ್ತಿತ್ತು, ಕರೆ ಬಂದರೆ ಮಾತ್ರ ಒಂದು ಸಲವೂ ಉಳಿಯಲಿಲ್ಲ.

ಈ ವ್ಯತ್ಯಾಸ ಬಹಳ ಹೇಳುತ್ತದೆ. ಜಿಎಸ್‌ಎಂ ಫೋನು ಎಡೆಬಿಡದೆ ಮಾತಾಡುವುದಿಲ್ಲ. ಕಾಲವನ್ನು 4.615 ಮಿಲಿಸೆಕೆಂಡಿನ ಚೌಕಟ್ಟುಗಳಾಗಿ ಕತ್ತರಿಸಿ, ಪ್ರತಿ ಚೌಕಟ್ಟನ್ನು ಎಂಟು ಪಾಲು ಮಾಡಿ, ಒಂದು ಫೋನಿಗೆ ಒಂದು ಪಾಲು ಕೊಡುತ್ತಾರೆ. ಆ 0.577 ಮಿಲಿಸೆಕೆಂಡಿನಲ್ಲಿ ಫೋನು ಕೂಗುತ್ತದೆ, ಉಳಿದ ಏಳು ಪಾಲು ಸುಮ್ಮನಿರುತ್ತದೆ. ಕರೆ ನಡೆಯುವಾಗ ಈ ಕೂಗು ಸೆಕೆಂಡಿಗೆ ಸುಮಾರು 217 ಸಲ. ಎಸ್ಸೆಮ್ಮೆಸ್ ಹೋಗುವ ದಾರಿಯೇ ಬೇರೆ, ಅಲ್ಲಿ ನಾಲ್ಕಾರು ಕೂಗು, ಆಮೇಲೆ ಉದ್ದನೆಯ ವಿರಾಮ. ಕೂಗುವ ಗಳಿಗೆಯಲ್ಲಿ ಸಿಮ್800ಎಲ್ 2 ಆಂಪಿಯರ್ ತನಕ ಎಳೆಯಬಹುದು. ಟವರು ಹತ್ತಿರವಿದ್ದರೆ ‘ಸ್ವಲ್ಪ ಮೆಲ್ಲಗೆ ಮಾತಾಡು’ ಎಂದು ಟವರೇ ಆಜ್ಞೆ ಕೊಡುತ್ತದೆ, ಮಾಡ್ಯೂಲು ತನ್ನ ಶಕ್ತಿ ತಗ್ಗಿಸುತ್ತದೆ. ಟವರು ದೂರವಾದರೆ ಪೂರ್ತಿ 2 ವ್ಯಾಟ್ ಹಾಕಿ ಕೂಗಲೇಬೇಕು. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಮಾಡ್ಯೂಲು ಒಂದು ಅಂಕ ಕೊಡುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಭೋಸರಿಯಲ್ಲಿ ಆ ಅಂಕ 22 ಇತ್ತು. ತೋಟದಲ್ಲಿ 8 ಎಂದು ಕಲಬುರಗಿಯ ಹುಡುಗಿಯ ಲಾಗ್ ಫೈಲಿನಲ್ಲಿ ದಾಖಲಾಗಿತ್ತು. ಸಿಗ್ನಲ್ಲಿನ ಬಲ ಅಳೆಯುವ ಡಿಬಿಎಂ ಲೆಕ್ಕದಲ್ಲಿ ಮೈನಸ್ 69 ಎಲ್ಲಿ, ಅದಕ್ಕಿಂತ ಎಷ್ಟೋ ಕ್ಷೀಣವಾದ ಮೈನಸ್ 97 ಎಲ್ಲಿ! ಶೆಡ್ಡಿನಲ್ಲಿ ಆ ಪೆಟ್ಟಿಗೆ ಒಮ್ಮೆಯೂ ಗಂಟಲು ಬಿಚ್ಚಿ ಕೂಗಿರಲೇ ಇಲ್ಲ.

ಹಾಗಾದರೆ ಮಲ್ಟಿಮೀಟರು 4.0 ಎಂದು ಹೇಳಿದ್ದೇಕೆ? ಅದು ಸರಾಸರಿ ಹೇಳುವ ಯಂತ್ರ. ಎಂಟರಲ್ಲಿ ಒಂದು ಪಾಲಿನ ಕುಸಿತವನ್ನು ಏಳು ಪಾಲಿನ ನೆಮ್ಮದಿ ಮುಚ್ಚಿಬಿಡುತ್ತದೆ. ಇಂಥ ಕುಸಿತ ಕಾಣಬೇಕಾದರೆ ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕು. ಅದು ಆ ಶೆಡ್ಡಿನಲ್ಲಿ ಇರಲಿಲ್ಲ, ಆ ಹೊತ್ತಿನಲ್ಲಿ ಎರವಲು ಕೊಡುವವರೂ ಇರಲಿಲ್ಲ.

ಮೊದಲು ಮಾಡಬೇಕಾದದ್ದು ರೋಗವನ್ನು ಶೆಡ್ಡಿಗೇ ಕರೆತರುವುದು. ಶೆಡ್ಡಿನಲ್ಲಿ ಕಾಣಿಸದ ರೋಗಕ್ಕೆ ಶೆಡ್ಡಿನಲ್ಲಿ ಮದ್ದು ಮಾಡಿದರೆ ಗುಣವಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಬಾದಾಮಿಯವನ ಸ್ಟೀಲಿನ ಊಟದ ಡಬ್ಬಿ ತೊಳೆದು ಒರೆಸಿ, ಮಾಡ್ಯೂಲಿನ ಆ್ಯಂಟೆನಾವನ್ನು ಅದರೊಳಗೆ ಇಟ್ಟು, ಕೇಬಲ್ಲು ಹೊರಬರುವಷ್ಟು ಸಂದಿ ಬಿಟ್ಟು ಮುಚ್ಚಳ ಹಾಕಿದೆವು. ಬೋರ್ಡು ಹೊರಗೆ, ಆ್ಯಂಟೆನಾ ಒಳಗೆ. ಸಿಗ್ನಲ್ ಅಂಕ 22ರಿಂದ ಇಳಿಯಿತು. ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸುತ್ತ ಸರಿಸುತ್ತ ಹುಡುಗಿ ಅದನ್ನು 8ರ ಆಸುಪಾಸಿಗೆ ತಂದಳು. ಕರೆ ಮಾಡಿದ ಕ್ಷಣ ಮಾಡ್ಯೂಲಿನ ಪುಟ್ಟ ಎಲ್‌ಇಡಿ ತನ್ನ ನಿಧಾನದ ಮಿಣುಕು ಬಿಟ್ಟು ಚುರುಕಾಗಿ ಮಿಣುಕತೊಡಗಿತು. ಈ ಮಾಡ್ಯೂಲಿನಲ್ಲಿ ಮೂರು ಸೆಕೆಂಡಿಗೊಮ್ಮೆ ಮಿಣುಕಿದರೆ ಜಾಲಕ್ಕೆ ಸೇರಿದೆ ಎಂದರ್ಥ, ಸೆಕೆಂಡಿಗೂ ಮೊದಲೇ ಮಿಣುಕಿದರೆ ಇನ್ನೂ ಹುಡುಕುತ್ತಿದೆ. ಅಂದರೆ ಅದು ಸತ್ತು ಮರುಹುಟ್ಟು ಪಡೆದಿತ್ತು. ಹೊಲದಲ್ಲಿ ಆದದ್ದೇ ಇಲ್ಲಿ ಕಣ್ಣೆದುರು ಆಯಿತು.

ಆಸಿಲೋಸ್ಕೋಪಿನ ಜಾಗಕ್ಕೆ ಬಂದದ್ದು ಕಿವಿ. ಹಳೆಯ ನೋಕಿಯಾ ಫೋನನ್ನು ರೇಡಿಯೋ ಪಕ್ಕ ಇಟ್ಟಾಗ ಕರೆ ಬರುವ ಮುಂಚೆ ‘ಟಿರ್ರ್ ಟಿರ್ರ್’ ಎಂದು ಸದ್ದಾಗುತ್ತಿದ್ದದ್ದು ನೆನಪಿರಬೇಕು. ಅದು ಇದೇ 217ರ ಬಡಿತ. ಶೆಡ್ಡಿನಲ್ಲಿ ದಿನವಿಡೀ ಅಭಂಗ ಹಾಡುವ ಒಂದು ಪೆನ್‌ಡ್ರೈವ್ ಸ್ಪೀಕರು ಇತ್ತು. ಅದನ್ನು ಬೋರ್ಡಿಗೆ ತಾಗಿಸಿ ಇಟ್ಟು, ಹಾಡು ನಿಲ್ಲಿಸಿ, ಕರೆ ಮಾಡಿ ಕೇಳಿದೆವು. ‘ಟಿರ್ರ್’ ಎಂದು ಶುರುವಾದ ಸದ್ದು ಒಂದು ಗುಟುಕು ಉಸಿರಿನಷ್ಟು ಹೊತ್ತು ನಡೆದು ತಟ್ಟನೆ ಕತ್ತರಿಸಿಹೋಯಿತು, ಅದೇ ಗಳಿಗೆಗೆ ಎಲ್‌ಇಡಿ ಆರಿತು. ಮತ್ತೆ ಮಾಡಿದರೂ ಅದೇ. ಪ್ರೋಗ್ರಾಂ ತಪ್ಪಿದ್ದರೆ ಕೂಗು ನಡುವೆ ಹೀಗೆ ಕತ್ತರಿಸಬೇಕಾದ ಕಾರಣವಿಲ್ಲ. ಕೂಗುತ್ತ ಕೂಗುತ್ತಲೇ ಉಸಿರು ನಿಂತಿತ್ತು. ಮಾಡ್ಯೂಲಿಗೆ ಬೇಕಾದದ್ದು 3.4ರಿಂದ 4.4 ವೋಲ್ಟ್. 3.4ರ ಕೆಳಗೆ ಬಿದ್ದರೆ ಅದು ತಾನೇ ಮಲಗಿಬಿಡುತ್ತದೆ.

ಕಾರಣ ಹುಡುಕಲು ಆಮೇಲೆ ದೂರ ಹೋಗಬೇಕಾಗಲಿಲ್ಲ. 12 ವೋಲ್ಟಿನಿಂದ 4.0 ಮಾಡುವ ಎಲ್‌ಎಂ2596 ಬೋರ್ಡಿನಿಂದ ಮಾಡ್ಯೂಲಿಗೆ ಬರುತ್ತಿದ್ದದ್ದು ಗೇಣುದ್ದದ ಎರಡು ಜಂಪರ್ ವೈರು, ಅದೂ ಪಿನ್ನಿಗೆ ಸಿಕ್ಕಿಸುವ ಜಾತಿಯವು. ವೈರಿನ ತಡೆ, ನಾಲ್ಕು ಕಡೆಯ ಸಡಿಲ ಸಂಪರ್ಕದ ತಡೆ, ಎಲ್ಲ ಕೂಡಿ 0.2 ಓಮ್ ಎಂದಿಟ್ಟುಕೊಂಡರೂ 2 ಆಂಪಿಯರಿಗೆ 0.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಮೇಲಿಂದ, ಕಾಗದದ ಮೇಲೆ 3 ಆಂಪಿಯರ್ ಕೊಡುವ ಆ ಬೋರ್ಡು ಅಷ್ಟು ಥಟ್ಟನೆ ಬಂದ ಎಳೆತಕ್ಕೆ ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನಷ್ಟು ಕುಸಿತ. ಮಾದರಿ ತಯಾರಿಸುವವರು ಎಲ್ಲೆಡೆ ಹೀಗೇ ಜೋಡಿಸುತ್ತಾರೆ, ಊರೊಳಗೆ ಅದು ನಡೆಯುತ್ತದೆ ಕೂಡ.

ಇನ್ನು ಮದ್ದು. ಬುಧವಾರ ಪೇಠೆಯ ತಪಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಬಾಗಿಲು ಹಾಕಿ ಹೊತ್ತಾಗಿತ್ತು. ಕೈಯಲ್ಲಿ ಇದ್ದದ್ದರಲ್ಲೇ ಆಗಬೇಕು. ಜಂಪರ್ ಕಿತ್ತು ದಪ್ಪ ವೈರನ್ನು ಎರಡು ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ ನೇರ ಸೋಲ್ಡರ್ ಮಾಡಿದೆವು. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಿಂದ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್, ಅಂದರೆ ಒಂದಿಷ್ಟು ವಿದ್ಯುತ್ತು ಹಿಡಿದಿಟ್ಟು ಬೇಕಾದಾಗ ಥಟ್ಟನೆ ಕೊಡುವ ಬಿಡಿಭಾಗ, ಬಿಚ್ಚಿ ಮಾಡ್ಯೂಲಿನ ಕಾಲಿಗೇ ಕೂರಿಸಿದೆವು. ಸ್ಪೀಕರಿನಲ್ಲಿ ಸದ್ದು ಈಗ ಎಷ್ಟೋ ಹೊತ್ತು ನಡೆಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಮುಚ್ಚಳವನ್ನು ಇನ್ನೂ ಸ್ವಲ್ಪ ಎಳೆದು ಸಿಗ್ನಲ್ 6ಕ್ಕೆ ಇಳಿಸಿದಾಗ ಮತ್ತೆ ಸತ್ತಿತು.

ಲೆಕ್ಕ ಹಾಕಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೋರ್ಡು 1 ಆಂಪಿಯರ್ ಕೊಟ್ಟು ಉಳಿದ 1 ಆಂಪಿಯರನ್ನು ಕೆಪಾಸಿಟರೇ ಕೊಡಬೇಕಾದರೆ, 0.577 ಮಿಲಿಸೆಕೆಂಡಿನಲ್ಲಿ 1000 ಮೈಕ್ರೋಫ್ಯಾರಡು ಸುಮಾರು 0.58 ವೋಲ್ಟ್ ಇಳಿಯುತ್ತದೆ. 4.0ರಿಂದ 3.42. ಅಂಚಿಗೆ ಬಂದು ನಿಂತಂತೆ. ಹಳೆಯ ಕೆಪಾಸಿಟರಿನ ಒಳತಡೆ ಸೇರಿಸಿದರೆ ಅಂಚಿನಾಚೆ.

“ವೋಲ್ಟೇಜ್ 4.4ಕ್ಕೆ ಏರಿಸಿಬಿಡೋಣ್ರಿ” ಎಂದ ಬಾದಾಮಿಯವ. ನಾನು ಬೇಡವೆಂದೆ. ಅದು ಮಾಡ್ಯೂಲು ತಡೆಯುವ ಮೇಲಿನ ಗೆರೆ. ಕೂಗು ನಿಂತ ಕ್ಷಣ ವೋಲ್ಟೇಜು ಪುಟಿದು ಗೆರೆ ದಾಟಿದರೆ ಮಾಡ್ಯೂಲು ಸುಟ್ಟುಹೋಗಬಹುದು. ಬೆಳಿಗ್ಗೆ ಬದಲಿ ಹಾಕಲು ಇನ್ನೊಂದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ಎಷ್ಟು ಸುಧಾರಿಸಿದೆವು, ಇನ್ನೆಷ್ಟು ಅಂತರ ಉಳಿದಿದೆ ಎಂದು ಅಳೆಯುವ ಸಾಧನವೇ ನಮ್ಮಲ್ಲಿ ಇರಲಿಲ್ಲ. ಅಳೆಯಲಾಗದವನು ಅಂಚಿನಲ್ಲಿ ಕೆಲಸ ಮಾಡಬಾರದು. ಅಳೆಯದೆಯೂ ನಂಬಬಹುದಾದ ಒಂದು ಪವರ್ ಮೂಲ ಬೇಕಿತ್ತು.

ಅಂಥದ್ದು ಒಂದಿತ್ತು. ನೋಕಿಯಾದ ಬಿಎಲ್-5ಸಿ ಬ್ಯಾಟರಿ. 2003ರಲ್ಲಿ ಬಂದ ನೋಕಿಯಾ 1100, ನಮ್ಮ ಹಳ್ಳಿಹಳ್ಳಿಗೆ ಟಾರ್ಚು ಕೊಟ್ಟ ಆ ಫೋನು, ಇದೇ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಫೋನು ಏನು? ಟವರು ದೂರವಿದ್ದಾಗ 2 ವ್ಯಾಟ್ ಹಾಕಿ ಸೆಕೆಂಡಿಗೆ 217 ಸಲ ಕೂಗುವ ಜಿಎಸ್‌ಎಂ ಯಂತ್ರ. ಆ ಎಳೆತ ತಡೆಯಲೆಂದೇ ಹುಟ್ಟಿದ ಬ್ಯಾಟರಿ ಅದು. ತುಂಬಿದಾಗ 4.2 ವೋಲ್ಟ್, ಬಳಕೆಯ ಬಹುಭಾಗ 3.7ರ ಮೇಲೆ; ಸಿಮ್800ಎಲ್‌ಗೆ ಬೇಕಾದ ಮಿತಿಯ ಒಳಗೇ. ಅಥಣಿಯವನ ದಿಘಿಯ ಕೋಣೆಯಲ್ಲಿ ಅವನ ಅಪ್ಪ ಬಳಸಿ ಬಿಟ್ಟ ನೋಕಿಯಾ ಒಂದಿತ್ತು, ಅಸಲಿ ಬ್ಯಾಟರಿ ಸಮೇತ. ಬೈಕಿನಲ್ಲಿ ಹೋಗಿ ತಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇಂಥ ಕಡೆಯೇ ಆತುರಕ್ಕೆ ಅನಾಹುತ ಆಗುವುದು. ಬ್ಯಾಟರಿಯನ್ನು 4.0 ವೋಲ್ಟಿನ ಬೋರ್ಡಿಗೆ ಜೊತೆಯಾಗಿ ಕಟ್ಟಿಬಿಟ್ಟರೆ ತಾನೇ ಚಾರ್ಜೂ ಆಗುತ್ತಿರುತ್ತದೆ ಎಂದು ಬಾದಾಮಿಯವನಿಗೆ ಆಸೆಯಾಯಿತು. ಬ್ಯಾಟರಿ 3.7ಕ್ಕೆ ಇಳಿದಿರುವಾಗ ಆ ಬೋರ್ಡು ತನ್ನ ಕೈಲಾದಷ್ಟೂ ಕರೆಂಟನ್ನು ಅದರೊಳಗೆ ತುರುಕುತ್ತದೆ, ತಡೆಯುವ ಚಾರ್ಜರ್ ಸರ್ಕ್ಯೂಟು ನಡುವೆ ಇಲ್ಲ. ಬಿಸಿಲಲ್ಲಿ ಕಾದ ಮುಚ್ಚಿದ ಪೆಟ್ಟಿಗೆಯೊಳಗೆ ಲಿಥಿಯಂ ಬ್ಯಾಟರಿಯನ್ನು ಹಾಗೆ ಚಾರ್ಜು ಮಾಡುವುದೆಂದರೆ ಬೆಂಕಿಗೆ ಆಹ್ವಾನ. ಇದೇ ಬಿಎಲ್-5ಸಿ ಚಾರ್ಜಾಗುವಾಗ ಬಿಸಿಯಾಗಬಹುದೆಂದು 2007ರ ಆಗಸ್ಟಿನಲ್ಲಿ ನೋಕಿಯಾ ಕಂಪನಿಯೇ 4.6 ಕೋಟಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಆದ್ದರಿಂದ ನಾವು ಬೋರ್ಡಿನ 4.0 ಲೈನನ್ನು ಮಾಡ್ಯೂಲಿನಿಂದ ಪೂರ್ತಿ ಬೇರ್ಪಡಿಸಿದೆವು. ಮಾಡ್ಯೂಲಿಗೆ ಬ್ಯಾಟರಿ ಮಾತ್ರ, ಉಳಿದೆಲ್ಲಕ್ಕೆ ಮೊದಲಿನ ಪವರ್. ಎರಡರ ಗ್ರೌಂಡ್, ಅಂದರೆ ಮೈನಸ್ ತಂತಿ, ಒಂದೇ ಇರಬೇಕು, ಇಲ್ಲವಾದರೆ ಮಾಡ್ಯೂಲು ಮತ್ತು ಪ್ರೋಗ್ರಾಂ ನಡೆಸುವ ಕಂಟ್ರೋಲರ್ ಚಿಪ್ಪು ಒಂದರ ಮಾತು ಒಂದಕ್ಕೆ ತಿಳಿಯುವುದಿಲ್ಲ. ಚಾರ್ಜು ಮಾಡಿದ್ದು ಫೋನಿನೊಳಗೇ ಇಟ್ಟು. ಕರೆಯಿಲ್ಲದಾಗ ಮಾಡ್ಯೂಲು ಎಳೆಯುವುದು 20 ಮಿಲಿಆಂಪಿಯರ್ ಆಸುಪಾಸು. ಒಂದು ದಿನದ ಡೆಮೊಗೆ ಆ ಬ್ಯಾಟರಿ ಧಾರಾಳ.

ಬ್ಯಾಟರಿಯ ಮೈಗೆ ನೇರ ಸೋಲ್ಡರ್ ಮಾಡಬಾರದು, ಬಿಸಿ ಒಳಗಿಳಿಯುತ್ತದೆ. ಅಭಂಗದ ಸ್ಪೀಕರೇ ಇದಕ್ಕೂ ಒದಗಿತು. ಆ ಜಾತಿಯ ಸ್ಪೀಕರುಗಳು ಬಿಎಲ್-5ಸಿ ಆಕಾರದ ಬ್ಯಾಟರಿ ಮೇಲೇ ನಡೆಯುತ್ತವೆ, ಅದರ ಗೂಡಿನಲ್ಲಿ ಸ್ಪ್ರಿಂಗಿನ ಹಿತ್ತಾಳೆ ಮೊನೆಗಳಿರುತ್ತವೆ. ಶೆಡ್ಡಿನ ಕಾವಲುಗಾರರ ಒಪ್ಪಿಗೆ ಪಡೆದು, ಹೊಸದು ಕೊಡಿಸುವ ಮಾತು ಕೊಟ್ಟು, ಆ ಗೂಡನ್ನು ಕತ್ತರಿಸಿ ತೆಗೆದು ಬೋರ್ಡಿನ ಪಕ್ಕ ಅಂಟಿಸಿದೆವು. ಈ ಸಲ ಸದ್ದು ಕೇಳಲು ನನ್ನ ಹಳೆಯ ರೇಡಿಯೋ. ಡಬ್ಬಿಯ ಮುಚ್ಚಳ ಸಿಗ್ನಲ್ 5ಕ್ಕೆ ಇಳಿಸಿತು. ಕರೆ ಬಂತು, ‘ಟಿರ್ರ್’ ಶುರುವಾಯಿತು, ನಡೆಯಿತು, ನಡೆಯುತ್ತಲೇ ಇತ್ತು. ಕರೆ ನಾವಾಗಿಯೇ ಕತ್ತರಿಸುವ ತನಕ ನಿಲ್ಲಲಿಲ್ಲ. ಎಸ್ಸೆಮ್ಮೆಸ್ಸೂ ಬಂತು.

ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ತಿದ್ದಲೇ ಎಂದು ಹುಡುಗಿ ಕೇಳಿದಳು. ಬೇಡವೆಂದೆವು. 415 ವೋಲ್ಟಿನ ಸ್ಟಾರ್ಟರ್ ಕಡೆಗೂ ಆ ರಾತ್ರಿ ಯಾರೂ ಕೈಹಾಕಬಾರದು ಎಂದು ಹೇಳಿಬಿಟ್ಟೆ. ನಿದ್ದೆಗೆಟ್ಟ ಕೈ ಹೋಗಬೇಕಾದ ಜಾಗ ಅದಲ್ಲ.

ಈ ರಾತ್ರಿಯ ನಡುವೆ ಇನ್ನೊಂದು ಚರ್ಚೆ ನಡೆದಿತ್ತು, ಬ್ಯಾಟರಿ ಸಿಗುವುದಕ್ಕೂ ಮುಂಚೆ. ಕೆಪಾಸಿಟರ್ ಕೈಕೊಟ್ಟಾಗ ಅಥಣಿಯವ ಸಣ್ಣ ದನಿಯಲ್ಲಿ ಒಂದು ದಾರಿ ಸೂಚಿಸಿದ. ತೋಟದ ಹೊರಗೆ ಸಿಗ್ನಲ್ ಇರುವ ಕಡೆ ಒಬ್ಬ ಕೂತು, ಕರೆ ಬಂದಾಗ ತನ್ನ ಫೋನಿನಿಂದ ‘ಮೋಟರು ಚಾಲೂ ಆಗಿದೆ’ ಎಂದು ಎಸ್ಸೆಮ್ಮೆಸ್ ಕಳಿಸಿದರೆ? ಮೋಟರನ್ನು ಬೇಕಾದರೆ ಪೆಟ್ಟಿಗೆಯ ಬಟನ್ ಒತ್ತಿ ಹಾಕಬಹುದು. ಒಂದು ದಿನದ ಮಟ್ಟಿಗೆ, ಆಮೇಲೆ ಸರಿಪಡಿಸಿಯೇ ಕೊಡುತ್ತೇವಲ್ಲ. ಅವನು ಕೆಟ್ಟ ಹುಡುಗನಲ್ಲ. ಬಾಡಿಗೆ ಬಾಕಿಯಿತ್ತು, ಮನೆಯಿಂದ ತಂದ ಹಣ ಮುಗಿಯುತ್ತ ಬಂದಿತ್ತು. ಆ ಇಕ್ಕಟ್ಟಿನಲ್ಲಿ ಯಾರಿಗಾದರೂ ಹೊಳೆಯುವ ದಾರಿಯೇ ಅದು.

ಕೊನೇ ಗಳಿಗೆಯ ತೇಪೆಯೆಲ್ಲ ಮೋಸವಲ್ಲ, ಡೆಮೊ ಎಂಬುದು ಒಂದಷ್ಟು ಸಿದ್ಧಪಡಿಸಿದ ಪ್ರದರ್ಶನವೇ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದಾಗ ಆ ಮಾದರಿಗಳು ಹದಕ್ಕೆ ಬಂದಿರಲಿಲ್ಲ. ಯಾವ ಕೆಲಸದ ನಂತರ ಯಾವ ಕೆಲಸ ತೋರಿಸಿದರೆ ಫೋನು ಕೈಕೊಡುವುದಿಲ್ಲ ಎಂದು ಗೊತ್ತುಮಾಡಿಕೊಂಡು ಅದೇ ಕ್ರಮದಲ್ಲಿ ತೋರಿಸಿದರು, ಸಿಗ್ನಲ್ಲಿನ ಐದೂ ಗೆರೆ ಸದಾ ಕಾಣುವಂತೆ ಮಾಡಿಟ್ಟಿದ್ದರು ಎಂದು ಅದನ್ನು ಕಟ್ಟಿದ ಎಂಜಿನಿಯರೇ ಆಮೇಲೆ ಹೇಳಿದ್ದಾರೆ. ಕ್ರಮ ಆರಿಸಿಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಆ ಐದು ಗೆರೆ ಮಾತ್ರ ಒಪ್ಪಿಗೆಯಿಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕದ ನಿಕೋಲಾ ಎಂಬ ಲಾರಿ ಕಂಪನಿಯ ಉದಾಹರಣೆ ಇದೆ. 2018ರಲ್ಲಿ ತನ್ನ ಲಾರಿ ಓಡುವ ವಿಡಿಯೊ ಹಾಕಿತು. ಆ ಲಾರಿ ತನ್ನ ಶಕ್ತಿಯಿಂದ ಓಡುತ್ತಿರಲಿಲ್ಲ, ಇಳಿಜಾರಿನಲ್ಲಿ ಉರುಳುತ್ತಿತ್ತು ಎಂಬುದು 2020ರಲ್ಲಿ ಹೊರಬಿತ್ತು. ಸ್ಥಾಪಕ 2022ರಲ್ಲಿ ಹೂಡಿಕೆದಾರರಿಗೆ ವಂಚಿಸಿದ್ದಕ್ಕೆ ಅಪರಾಧಿಯೆಂದು ತೀರ್ಮಾನವಾಯಿತು, 2025ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು ಎಂಬುದು ಬೇರೆ ಮಾತು.

ಅಥಣಿಯವನಿಗೆ ನಾನು ಕೇಳಿದ್ದು ಇಷ್ಟೇ: ನಾಳೆ ಆ ರೈತರ ಮುಂದೆ ನೀನು ಯಾವ ಮಾತನ್ನು ಸಾಬೀತು ಮಾಡಲು ಹೋಗುತ್ತಿದ್ದೀ? ‘ನಿಮ್ಮ ತೋಟದಲ್ಲಿ, ನಿಮಗೆ ಸಿಗುವ ಸಿಗ್ನಲ್ಲಿನಲ್ಲಿ, ಈ ಪೆಟ್ಟಿಗೆ ಉತ್ತರ ಕೊಡುತ್ತದೆ’ ಎಂಬ ಮಾತನ್ನು. ಉತ್ತರವನ್ನೇ ಬೇರೆಯವರು ಕೊಟ್ಟರೆ ಉಳಿದದ್ದೇನು? ಪವರು ಎಲ್ಲಿಂದ ಬಂತು ಎಂಬುದು ಬದಲಾದರೆ ಆ ಮಾತು ಸುಳ್ಳಾಗುವುದಿಲ್ಲ, ಹೇಳಿಬಿಟ್ಟರೆ ಸಾಕು. ಅದೂ ಅಲ್ಲದೆ ಆ ಉತ್ತರ ನಂಬಿ ರಾತ್ರಿ ಮನೆಯಲ್ಲಿ ಉಳಿಯುವವರು ಅವರು. ಉತ್ತರ ಬಾರದೆ ಹೋದರೆ ಕಬ್ಬಿನ ದಾರಿಯಲ್ಲಿ ಬಾವಿಗೆ ನಡೆದು ಹೋಗುವವರೂ ಅವರೇ. ಅವನು ಮರುಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ “ಅಪ್ಪನ ಫೋನ್ ಐತ್ರಿ ಮನ್ಯಾಗ” ಎಂದದ್ದು ಅವನೇ.

ಬೆಳಿಗ್ಗೆ ತೋಟಕ್ಕೆ ನಾನೂ ಜೊತೆಗೆ ಹೋದೆ. ಸಿಗ್ನಲ್ 7 ತೋರಿಸುತ್ತಿತ್ತು. ಮೊದಲ ಕರೆಗೇ ಸ್ಟಾರ್ಟರು ‘ಠಕ್’ ಎಂದು ಹಿಡಿಯಿತು, ನೀರು ಬಂತು, ತೋಟದ ಯಜಮಾನರ ಫೋನಿಗೆ ಎಸ್ಸೆಮ್ಮೆಸ್ ಬಂತು. ಎಲ್ಲರ ಕೈಯಿಂದಲೂ ಕರೆ ಮಾಡಿಸಿದರು. ಪ್ರತಿ ಸಲವೂ ಉತ್ತರ ಬಂತು.

ಆಮೇಲೆ ಬಾದಾಮಿಯವ ಪೆಟ್ಟಿಗೆಯ ಮುಚ್ಚಳ ತೆಗೆದು ತನಗೆ ಬರುವಷ್ಟು ಮರಾಠಿಯಲ್ಲಿ ಎಲ್ಲ ಹೇಳಿದ. ನಿನ್ನೆ ಇಲ್ಲಿ ಇದು ಉತ್ತರ ಕೊಡದೆ ಸತ್ತಿತು, ಕಾರಣ ಇದು, ರಾತ್ರಿ ಈ ಬ್ಯಾಟರಿ ಹಾಕಿದ್ದೇವೆ, ಮಾರುವ ಪೆಟ್ಟಿಗೆಯಲ್ಲಿ ಹೀಗೆ ಇರುವುದಿಲ್ಲ. ಕೆಲವರ ಮುಖ ಸಪ್ಪಗಾಯಿತು, ನಿಜ. ಒಬ್ಬರು ‘ಹಾಗಾದರೆ ಪೂರ್ತಿ ಆದಮೇಲೆ ಬನ್ನಿ’ ಎಂದರು. ಆದರೆ ಹಿಂದೆ ನಿಂತು ಸುಮ್ಮನೆ ನೋಡುತ್ತಿದ್ದ ಒಬ್ಬ ಹೆಂಗಸು, ಗಂಡ ತೀರಿಕೊಂಡಮೇಲೆ ತಾವೇ ತೋಟ ನಡೆಸುವವರು, ಮುಂದೆ ಬಂದು ಒಂದು ಪ್ರಶ್ನೆ ಕೇಳಿದರು. “ನಿನ್ನೆಯ ಹಾಗೆ ಉತ್ತರ ಬರಲಿಲ್ಲ ಅಂದುಕೊಳ್ಳಿ. ಮೋಟರು ಹತ್ತಿಲ್ಲ ಎಂದುಕೊಂಡು ನಾನು ಇನ್ನೊಮ್ಮೆ ಕರೆ ಮಾಡುತ್ತೇನೆ. ಆಗ ಏನಾಗುತ್ತದೆ?”

ಹುಡುಗಿ ಒಂದು ಕ್ಷಣ ಅವಾಕ್ಕಾದಳು. ಪ್ರೋಗ್ರಾಮಿನ ಪ್ರಕಾರ ಮೊದಲ ಮಿಸ್ಡ್ ಕಾಲಿಗೆ ಮೋಟರು ಚಾಲೂ, ಎರಡನೆಯದಕ್ಕೆ ಬಂದ್. ಅಂದರೆ ರಿಲೇ ಮೋಟರನ್ನು ಹಿಡಿದ ಮೇಲೆ ಉತ್ತರ ಮಾತ್ರ ಕಳೆದುಹೋದರೆ, ಆಕೆಯ ಎರಡನೆಯ ಕರೆ ಓಡುತ್ತಿದ್ದ ಮೋಟರನ್ನು ನಿಲ್ಲಿಸುತ್ತದೆ. ಅದಕ್ಕೂ ಉತ್ತರ ಬಾರದಿದ್ದರೆ ಮೂರನೆಯ ಕರೆ. ಕೊನೆಗೆ ಮೋಟರು ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಆಕೆ ಕತ್ತಲಲ್ಲಿ ಬಾವಿಗೇ ಹೋಗಬೇಕು. ಯಾವ ಭಯಕ್ಕೆ ಪೆಟ್ಟಿಗೆ ಮಾಡಿದ್ದರೋ ಆ ಭಯಕ್ಕೇ ಪೆಟ್ಟಿಗೆ ದೂಡುತ್ತದೆ. ಉತ್ತರ ಕಳೆದುಹೋಗಬಹುದು ಎಂದು ಬಾದಾಮಿಯವ ಬಾಯಿಬಿಟ್ಟು ಹೇಳಿದ್ದರಿಂದಲೇ ಆ ಪ್ರಶ್ನೆ ಹುಟ್ಟಿತು. ತೋಟದಾಚೆ ಕೂತವನ ಫೋನಿನಿಂದ ಉತ್ತರ ತಪ್ಪದೆ ಬಂದಿದ್ದರೆ ಅದನ್ನು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ, ಆ ದೋಷ ಮಾರಾಟವಾದ ಪ್ರತಿ ಪೆಟ್ಟಿಗೆಯಲ್ಲೂ ಕೂತಿರುತ್ತಿತ್ತು.

ಗುಂಪಿನವರು ಅಂದು ಆರ್ಡರು ಕೊಡಲಿಲ್ಲ. ಸರಿಪಡಿಸಿದ ಎರಡು ಪೆಟ್ಟಿಗೆಗಳನ್ನು ಹಿಂಗಾರಿನ ತನಕ ತಮ್ಮ ತೋಟಗಳಲ್ಲಿ ಇಟ್ಟು ನೋಡುವುದಾಗಿ ಒಪ್ಪಿದರು. ಒಂದನ್ನು ಪ್ರಶ್ನೆ ಕೇಳಿದ ಆ ಹೆಂಗಸಿನ ಬಾವಿಯ ಮೇಲೆ ಕೂರಿಸಬೇಕೆಂದು ತೀರ್ಮಾನವಾಯಿತು.

ಅವೆರಡರಲ್ಲಿ ಬ್ಯಾಟರಿ ಇಲ್ಲ. ಜಂಪರಿನ ಜಾಗದಲ್ಲಿ ಅಗಲವಾದ ತಾಮ್ರದ ಪಟ್ಟಿ ಇರುವ ಸ್ವಂತ ಪಿಸಿಬಿ (ಅಚ್ಚು ಹಾಕಿಸಿದ ಸರ್ಕ್ಯೂಟ್ ಬೋರ್ಡು), ಮಾಡ್ಯೂಲಿನ ಕಾಲಿಗೆ ತಾಗಿ ಒಳತಡೆ ಕಡಿಮೆಯಿರುವ 2200 ಮೈಕ್ರೋಫ್ಯಾರಡಿನ ಕೆಪಾಸಿಟರ್, ಅದರ ಪಕ್ಕ ಜಿಎಸ್‌ಎಂ ಗದ್ದಲ ನುಂಗಲು ಪುಟ್ಟ 33 ಮತ್ತು 10 ಪಿಕೋಫ್ಯಾರಡಿನವು, ವೋಲ್ಟೇಜು ಪುಟಿದರೆ ತಡೆಯಲು ಒಂದು ಝೀನರ್ ಡಯೋಡ್. ಈ ಸಲ ಎರವಲು ತಂದ ಆಸಿಲೋಸ್ಕೋಪಿನಲ್ಲಿ, ಆ್ಯಂಟೆನಾವನ್ನು ಅದೇ ಊಟದ ಡಬ್ಬಿಯಲ್ಲಿಟ್ಟು, ಕುಸಿತ 3.7ರ ಕೆಳಗೆ ಹೋಗುವುದಿಲ್ಲ ಎಂದು ನೋಡಿಯೇ ಪೆಟ್ಟಿಗೆ ಮುಚ್ಚಿದರು. ಪ್ರೋಗ್ರಾಮಿನಲ್ಲಿ ಈಗ ಮಿಸ್ಡ್ ಕಾಲ್ ಎಂದರೆ ಚಾಲೂ ಮಾತ್ರ. ಓಡುತ್ತಿರುವ ಮೋಟರಿಗೆ ಮತ್ತೆ ಕರೆ ಬಂದರೆ ಸ್ಥಿತಿ ಬದಲಾಗುವುದಿಲ್ಲ, ‘ಚಾಲೂ ಇದೆ’ ಎಂಬ ಉತ್ತರವೇ ಇನ್ನೊಮ್ಮೆ ಹೋಗುತ್ತದೆ. ಬಂದ್ ಮಾಡಲು ಎಸ್ಸೆಮ್ಮೆಸ್ ಬೇಕು, ಅಥವಾ ಮೊದಲೇ ಹೇಳಿಟ್ಟ ಅವಧಿ ಮುಗಿಯಬೇಕು. ಓದು ಬಾರದವರು ಎಸ್ಸೆಮ್ಮೆಸ್ ಕಳಿಸುವುದು ಹೇಗೆ ಎಂಬುದು ಮೂವರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಬಂದ್ ಮಾಡಲು ಎರಡನೆಯ ಸಿಮ್ ಇಡೋಣ ಎನ್ನುತ್ತಾಳೆ ಹುಡುಗಿ, ಖರ್ಚು ಏರುತ್ತದೆ ಎನ್ನುತ್ತಾನೆ ಅಥಣಿಯವ. 2ಜಿ ಎಷ್ಟು ಕಾಲ ಉಳಿದೀತು ಎಂಬ ಚಿಂತೆಯಿಂದ 4ಜಿ ಮಾಡ್ಯೂಲಿನ ಕೆಲಸವೂ ಶುರುವಾಗಿದೆ. 4ಜಿಯಲ್ಲಿ ಅದು ಕೂಗುವುದು ಹೆಚ್ಚೆಂದರೆ 0.2 ವ್ಯಾಟಿಗೆ, 2ಜಿಯ ಹತ್ತರಲ್ಲಿ ಒಂದು ಪಾಲಿಗೆ. ಆದರೆ ತೋಟದಲ್ಲಿ 4ಜಿ ಸಿಗದಾಗ ಮತ್ತೆ 2ಜಿಗೇ ಇಳಿಯುವಂಥ ಮಾಡ್ಯೂಲು ಬೇಕೆಂದು ರೈತರು ಕೇಳಿದ್ದಾರೆ. ಹಾಗಾಗಿ ಹೊಸ ಪಿಸಿಬಿಯಲ್ಲೂ ಪವರ್ ದಾರಿಯನ್ನು 2 ಆಂಪಿಯರಿಗೇ ಬರೆದಿದ್ದಾರೆ.